ಕಾಕಟೀಲ್, ಬಡ್ಜಿಗೆ ಟ್ರೀಟ್ ಅಂತ ಏನು ಕೊಡಬಹುದು? ಎಷ್ಟಾದರೆ ಜಾಸ್ತಿ?

ಪುಟ್ಟಕೊಕ್ಕು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಕಾಕಟೀಲ್, ಎರಡು ಬಡ್ಜಿ ಇವೆ, ಎಲ್ಲ ಗಿಳಿ ಜಾತಿಯ ಪುಟ್ಟ ಹಕ್ಕಿಗಳು. ದಿನಾ ಕಾಳಿನ ಮಿಶ್ರಣ ಹಾಕುತ್ತೇವೆ, ಜೊತೆಗೆ ಸ್ವಲ್ಪ ಪೆಲೆಟ್ (ಹಕ್ಕಿಗೆಂದೇ ತಯಾರಿಸಿದ ಆಹಾರದ ಗುಳಿಗೆ). ಕಾಕಟೀಲ್ ಬಟ್ಟಲಿನಲ್ಲಿ ಸೂರ್ಯಕಾಂತಿ ಬೀಜ ಹುಡುಕಿ ಹುಡುಕಿ ತಿನ್ನುತ್ತದೆ, ಉಳಿದದ್ದನ್ನು ಕೆಳಗೆ ಚೆಲ್ಲುತ್ತದೆ. ಇದರ ಮೇಲೆ ಮನೆಯವರು ಪಂಜರದ ಪಕ್ಕ ಹಾದುಹೋದಾಗಲೆಲ್ಲ ಏನಾದರೂ ಕೊಡುತ್ತಾರೆ. ಬಿಸ್ಕೆಟ್ ಚೂರು, ಹಣ್ಣು, ಕಡಲೆಕಾಯಿ. ಕೇಳಿದರೆ "ಪಾಪ, ಆಸೆಯಿಂದ ನೋಡ್ತಿದೆ" ಅನ್ನುತ್ತಾರೆ.

ಟ್ರೀಟ್ ಒಟ್ಟು ಊಟದ ಶೇಕಡಾ 10 ದಾಟಬಾರದು ಅಂತ ಎಲ್ಲ ಕಡೆ ಓದುತ್ತೇನೆ. ಇಷ್ಟು ಚಿಕ್ಕ ಹಕ್ಕಿಗೆ ಅದನ್ನು ಅಳೆಯುವುದು ಹೇಗೆ? ಮತ್ತೆ ಹಣ್ಣು ಟ್ರೀಟ್ ಲೆಕ್ಕಕ್ಕೆ ಬರುತ್ತದೋ, ಊಟದ ಲೆಕ್ಕಕ್ಕೋ?

ಕಾಳುಬುಟ್ಟಿ:
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಹಕ್ಕಿ ಅಂದರೆ ಕಾಳು ತಿನ್ನುವ ಜೀವ. ಕಾಡಿನಲ್ಲಿ ಅದಕ್ಕೆ ಯಾರು ಪೆಲೆಟ್ ಹಾಕುತ್ತಾರೆ? ನಮ್ಮ ಹಕ್ಕಿಗಳು ವರ್ಷಗಳಿಂದ ಕಾಳನ್ನೇ ತಿಂದುಕೊಂಡು ಆರಾಮಾಗಿವೆ. ಅದು ಕೇಳಿದ್ದನ್ನು ಕೊಡಿ, ಅದಕ್ಕೆ ಏನು ಬೇಕು ಅಂತ ಅದಕ್ಕೇ ಗೊತ್ತಿರುತ್ತದೆ.

ಬೂದುಗರಿ:
ಕಾಳುಬುಟ್ಟಿ ಅವರೇ, ಕಾಡಿನ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡೋಣ. ಬಡ್ಜಿಯ ಮೂಲ ಆಸ್ಟ್ರೇಲಿಯಾದ ಒಣ ಬಯಲು. ಅಲ್ಲಿ ಅದು ಹುಲ್ಲಿನ ಸಣ್ಣ ಬೀಜ ತಿನ್ನುತ್ತದೆ, ಅರ್ಧ ಬಲಿತ ಹಸಿ ಬೀಜವನ್ನೂ ತಿನ್ನುತ್ತದೆ. ನೀರು, ಮೇವು ಹುಡುಕಿಕೊಂಡು ಹಿಂಡು ಹಿಂಡಾಗಿ ದೂರ ದೂರ ಹಾರುತ್ತದೆ. ನಮ್ಮ ಮನೆಯ ಬಡ್ಜಿ ಕೋಲಿನಿಂದ ಬಟ್ಟಲಿಗೆ ಹಾರಿದರೆ ಅದೇ ಪ್ರಯಾಣ. ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ತೂಕ ಕೊಬ್ಬೇ ಇರುತ್ತದೆ. ಹಾಗೆ ಹಾರುವ ಹಕ್ಕಿಗೆ ಅದು ಕರಗೀತು, ಕೂತ ಹಕ್ಕಿಗೆ ಅಲ್ಲ.

"ಅದಕ್ಕೇ ಗೊತ್ತಿರುತ್ತದೆ" ಅನ್ನುವ ಮಾತು ನಾನು ಒಪ್ಪುವುದಿಲ್ಲ. ಕಾಡಿನಲ್ಲಿ ಕೊಬ್ಬು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಸಿಕ್ಕಾಗ ಮೊದಲು ಅದನ್ನೇ ಆರಿಸಿಕೊಳ್ಳುವುದು ಹಕ್ಕಿಯ ಸ್ವಭಾವ. ಬಟ್ಟಲು ಯಾವಾಗಲೂ ತುಂಬಿರುವ ಮನೆಯಲ್ಲಿ ಆ ಸ್ವಭಾವವೇ ಅದಕ್ಕೆ ಮುಳುವಾಗುತ್ತದೆ.

ಬರೀ ಕಾಳಿನ ಊಟದಲ್ಲಿ ಕೊಬ್ಬು ಜಾಸ್ತಿ ಅನ್ನುವುದು ಒಂದು ತೊಂದರೆ. ವಿಟಮಿನ್ ಎ ಮತ್ತು ಕ್ಯಾಲ್ಸಿಯಂ ತೀರಾ ಕಡಿಮೆ ಅನ್ನುವುದು ಇನ್ನೊಂದು. ವಿಟಮಿನ್ ಎ ಸಾಲದಿದ್ದರೆ ಬಾಯಿ, ಮೂಗು, ಉಸಿರಾಟದ ದಾರಿಯ ಒಳಪದರ ಒಣಗಿ ದಪ್ಪವಾಗುತ್ತದೆ. ಆಮೇಲೆ ಸೋಂಕು ಹತ್ತುವುದು ಸುಲಭ. ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡರೆ ಅದು ಕೆಲಸ ನಿಧಾನ ಮಾಡುತ್ತದೆ. ಕೊಕ್ಕು ಅತಿಯಾಗಿ ಉದ್ದ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಆಫ್ರಿಕನ್ ಗ್ರೇ ಗಿಳಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಇಳಿದು ಸೆಳೆತ ಬರುವುದುಂಟು. ನಾನು ಗ್ರೇ ಸಾಕುವವನು, ಅದಕ್ಕೇ ಈ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು.

ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. "ಆರಾಮಾಗಿವೆ" ಅನ್ನುವುದನ್ನು ನೋಡಿ ಹೇಳುವುದಕ್ಕೆ ಆಗುವುದಿಲ್ಲ.

ಪುಟ್ಟಕೊಕ್ಕು ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಟ್ರೀಟ್‌ಗೆ ಹೊಸದಾಗಿ ಏನನ್ನೂ ಹುಡುಕಬೇಡಿ. ಬಟ್ಟಲಿನಿಂದ ಸೂರ್ಯಕಾಂತಿ ಬೀಜ ಪೂರ್ತಿ ತೆಗೆದುಬಿಡಿ. ಇನ್ನು ಮುಂದೆ ಅದು ಕೈಯಿಂದ ಮಾತ್ರ ಸಿಗಲಿ, ಕಾರಣಕ್ಕೆ ಮಾತ್ರ ಸಿಗಲಿ. ಟ್ರೀಟ್ ನಿಮ್ಮ ಮನೆಯಲ್ಲಿ ಆಗಲೇ ಇದೆ, ತಪ್ಪು ಜಾಗದಲ್ಲಿದೆ ಅಷ್ಟೇ.

ತಕ್ಕಡಿ:
ಅಳತೆ ಬಗ್ಗೆ ನಾನು ಹೇಳುತ್ತೇನೆ. ಬಡ್ಜಿಯ ತೂಕ ಸುಮಾರು 30ರಿಂದ 40 ಗ್ರಾಂ. ದಿನಕ್ಕೆ ಅದು ತಿನ್ನುವುದು 10 ಗ್ರಾಂ ಒಳಗೆ. ಶೇಕಡಾ 10 ಅಂದರೆ ಒಂದು ಗ್ರಾಂ ಕೂಡ ಆಗಲ್ಲ. ನಮ್ಮ ಕಣ್ಣಿಗೆ "ಒಂದೇ ಒಂದು ಚೂರು ಬಿಸ್ಕೆಟ್" ಅನಿಸುವುದು ಬಡ್ಜಿಗೆ ಒಂದು ಹೊತ್ತಿನ ಊಟ. ಕಾಕಟೀಲ್ 80ರಿಂದ 110 ಗ್ರಾಂ ತೂಗುತ್ತದೆ, ಅದಕ್ಕೆ ಒಂದು ಗ್ರಾಂ ಸುತ್ತಮುತ್ತ ಇಟ್ಟುಕೊಳ್ಳಿ.

ಹೀಗೆ ದಿನಾ ತೂಗುವುದು ಯಾರಿಗೂ ಆಗುವ ಕೆಲಸ ಅಲ್ಲ. ಟ್ರೀಟ್ ತೂಗುವ ಬದಲು ಹಕ್ಕಿಯನ್ನೇ ತೂಗಿ. ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು. ಬೆಳಿಗ್ಗೆ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮುಂಚೆ, ವಾರಕ್ಕೆ ಒಂದೆರಡು ಸಲ. ಬರೆದಿಡಿ. ತಕ್ಕಡಿ ಮೇಲೆ ಒಂದು ಕೋಲು ಇಟ್ಟು, ಹಕ್ಕಿ ಅದರ ಮೇಲೆ ಕೂತಾಗ ಒಂದು ಬೀಜ ಕೊಟ್ಟರೆ ಬೇಗ ಕಲಿಯುತ್ತದೆ. ಟ್ರೀಟ್‌ಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಗೊತ್ತಿಲ್ಲ. ತೂಕ ಶೇಕಡಾ 10ರಷ್ಟು ಇಳಿದರೆ ಕಾಯಬೇಡಿ, ಹಕ್ಕಿ ನೋಡುವ ಪಶುವೈದ್ಯರ ಹತ್ತಿರ ಹೋಗಿ.

ಹಸಿರೆಲೆ:
ಹಣ್ಣು ಯಾವ ಲೆಕ್ಕಕ್ಕೆ ಅಂತ ಕೇಳಿದಿರಿ. ಟ್ರೀಟ್ ಲೆಕ್ಕಕ್ಕೇ. ತರಕಾರಿ, ಸೊಪ್ಪು ಊಟದ ಲೆಕ್ಕಕ್ಕೆ. ಹಣ್ಣು ಅಂದರೆ ಆರೋಗ್ಯ ಅಂತ ನಾವು ಧಾರಾಳವಾಗಿ ಕೊಟ್ಟುಬಿಡುತ್ತೇವೆ. ಆದರೆ ಮನುಷ್ಯರಿಗಾಗಿ ಬೆಳೆದ ಹಣ್ಣಿನಲ್ಲಿ ಸಕ್ಕರೆ, ನೀರು ಜಾಸ್ತಿ. ಬಡ್ಜಿಗೆ ಸೇಬಿನ ಒಂದು ಪುಟ್ಟ ಚೂರು ಸಾಕು. ಒಣಗಿಸಿದ ಹಣ್ಣಿನಲ್ಲಿ ನೀರು ಹೋಗಿ ಸಕ್ಕರೆ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ, ಅದು ಇನ್ನೂ ಕಡಿಮೆ ಇರಲಿ.

ಬೂದುಗರಿ ಅವರು ವಿಟಮಿನ್ ಎ ಬಗ್ಗೆ ಹೇಳಿದರಲ್ಲ. ಕ್ಯಾರೆಟ್, ಸಿಹಿಗುಂಬಳ, ಸಿಹಿಗೆಣಸು, ಕೆಂಪು ದಪ್ಪ ಮೆಣಸಿನಕಾಯಿ, ಕಡು ಹಸಿರು ಸೊಪ್ಪು. ಇವುಗಳಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನು ಹಕ್ಕಿಯ ದೇಹ ಬೇಕಾದಷ್ಟು ವಿಟಮಿನ್ ಎ ಮಾಡಿಕೊಳ್ಳುತ್ತದೆ. ಪಾಲಕ್ ಮಾತ್ರ ಅಪರೂಪಕ್ಕೆ ಕೊಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಹಿಗೆಣಸು ಬೇಯಿಸಿ ಕೊಡಿ.

ಖಾರದ ಮೆಣಸಿನಕಾಯಿಯನ್ನೂ ಕೊಡಬಹುದು! ನಮಗೆ ಉರಿ ಹತ್ತಿಸುವ ಕ್ಯಾಪ್ಸೈಸಿನ್ ಹಕ್ಕಿಯ ನರಗಳಿಗೆ ಗೊತ್ತೇ ಆಗುವುದಿಲ್ಲ. ಗಿಡಕ್ಕೂ ಅದೇ ಬೇಕು. ಬೀಜವನ್ನು ಅಗಿದು ಹಾಳುಮಾಡುವ ಸಣ್ಣ ಪ್ರಾಣಿಗಳನ್ನು ದೂರ ಇಟ್ಟು, ಬೀಜ ಒಯ್ದು ಬೇರೆ ಕಡೆ ಹಾಕುವ ಹಕ್ಕಿಗಳನ್ನು ಕರೆಯುವ ಉಪಾಯ. ಹಕ್ಕಿ ಮೆಣಸಿನಕಾಯಿ ತಿಂದ ಕೊಕ್ಕಿನಿಂದ ನಿಮ್ಮ ಕೆನ್ನೆ ಮುಟ್ಟಿದರೆ ಉರಿ ನಿಮಗೆ, ಅದಕ್ಕಲ್ಲ.

ಪುಟ್ಟಕೊಕ್ಕು:
ಮೆಣಸಿನಕಾಯಿ ವಿಷಯ ಗೊತ್ತೇ ಇರಲಿಲ್ಲ! ಆದರೆ ನಮ್ಮ ಕಾಕಟೀಲ್ ಕ್ಯಾರೆಟ್ ಕಂಡರೆ ಹಾವು ಕಂಡ ಹಾಗೆ ಹಿಂದೆ ಸರಿಯುತ್ತದೆ. ಹಸಿದರೆ ತಾನೇ ತಿನ್ನುತ್ತದೆ ಅಂತ ಕಾಳು ಪೂರ್ತಿ ನಿಲ್ಲಿಸಿಬಿಡಲಾ?

ತಕ್ಕಡಿ:
ಬೇಡ, ಖಂಡಿತ ಬೇಡ. ಚಿಕ್ಕ ಹಕ್ಕಿಗಳ ದೇಹದಲ್ಲಿ ಕೂಡಿಟ್ಟದ್ದು ಬಹಳ ಕಡಿಮೆ. ಒಂದೆರಡು ದಿನ ತಿನ್ನದಿದ್ದರೂ ಪ್ರಾಣಕ್ಕೆ ಅಪಾಯ. ಗುರುತು ಸಿಗದ ವಸ್ತುವನ್ನು ಅವು ಊಟ ಅಂತಲೇ ಪರಿಗಣಿಸುವುದಿಲ್ಲ. ಮುಂದೆ ಪೆಲೆಟ್ ತುಂಬಿದ ಬಟ್ಟಲು ಇಟ್ಟುಕೊಂಡೇ ಹಸಿದು ಕೂರಬಹುದು. ಸಿಪ್ಪೆ ನೋಡಿ "ತಿಂದಿದೆ" ಅಂದುಕೊಳ್ಳುವವರೂ ಇದ್ದಾರೆ. ಬಟ್ಟಲು ಊದಿ ನೋಡಿ, ಸಿಪ್ಪೆ ಹಾರಿಹೋದ ಮೇಲೆ ಎಷ್ಟು ಉಳಿಯಿತು ಅನ್ನುವುದೇ ಲೆಕ್ಕ.

ಹಸಿರೆಲೆ:
ಕ್ಯಾರೆಟ್ ತುರಿದು, ಅದರ ಇಷ್ಟದ ಕಾಳಿನ ಜೊತೆ ಕಲಸಿ. ಇಲ್ಲವೇ ಸೊಪ್ಪಿನ ಒಂದು ಕಟ್ಟು ತೊಳೆದು, ನೀರು ತೊಟ್ಟಿಕ್ಕುತ್ತಿರುವಾಗಲೇ ಪಂಜರದ ಮೇಲ್ಭಾಗದಲ್ಲಿ ಸಿಕ್ಕಿಸಿ. ಬಡ್ಜಿಗಳು ಒದ್ದೆ ಎಲೆಯಲ್ಲಿ ಮೈ ಉಜ್ಜಿ ಸ್ನಾನ ಮಾಡುತ್ತವೆ. ಸ್ನಾನ ಮಾಡುತ್ತಾ ಕಚ್ಚುತ್ತವೆ, ಕಚ್ಚುತ್ತಾ ರುಚಿ ಹತ್ತುತ್ತದೆ. ಅದರ ಮುಂದೆ ಕೂತು ನೀವು ಚಪ್ಪರಿಸಿಕೊಂಡು ತಿನ್ನುವುದೂ ಕೆಲಸ ಮಾಡುತ್ತದೆ. ಹಿಂಡಿನ ಜೀವ ಅಲ್ವಾ, ಇನ್ನೊಬ್ಬರು ತಿಂದದ್ದರ ಮೇಲೆ ಅದಕ್ಕೆ ನಂಬಿಕೆ. ವಾರಗಟ್ಟಲೆ ಹಿಡಿಯಬಹುದು. ಬೇಸರ ಮಾಡಿಕೊಳ್ಳಬೇಡಿ.

ಹಸಿ ತಿಂಡಿಯನ್ನು ಒಂದೆರಡು ಗಂಟೆಯಲ್ಲಿ ಹೊರಗೆ ತೆಗೆದುಬಿಡಿ, ಸೆಕೆಯಿದ್ದರೆ ಇನ್ನೂ ಬೇಗ.

ಮರಿಗುಬ್ಬಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೊಡಲೇಬಾರದ್ದು ಏನು ಅಂತ ಯಾರಾದರೂ ಒಂದೇ ಕಡೆ ಹೇಳುತ್ತೀರಾ? ಮನೆಯಲ್ಲಿ ಮಕ್ಕಳಿದ್ದಾರೆ, ಯಾವಾಗ ಏನು ತಿನ್ನಿಸುತ್ತಾರೋ ಅನ್ನುವ ಭಯ.

ಬೂದುಗರಿ:
ಮೊದಲು ಬೆಣ್ಣೆಹಣ್ಣು, ಅಂದರೆ ಅವಕಾಡೊ. ಅದರಲ್ಲಿ ಪರ್ಸಿನ್ ಅನ್ನುವ ವಿಷ ಇದೆ. ನಮಗೆ ಏನೂ ಆಗುವುದಿಲ್ಲ. ಹಕ್ಕಿಯ ಹೃದಯದ ಸ್ನಾಯುವನ್ನು ಅದು ಹಾಳುಮಾಡುತ್ತದೆ, ಉಸಿರಾಟ ಕಷ್ಟವಾಗಿ ಸಾಯುತ್ತದೆ. ಹಣ್ಣು, ಎಲೆ, ಬೀಜ ಯಾವುದೂ ಬೇಡ. ಆಮೇಲೆ ಚಾಕೊಲೇಟ್. ಅದರ ಥಿಯೊಬ್ರೊಮಿನ್ ಮತ್ತು ಕೆಫೀನ್ ಎರಡೂ ಅಪಾಯ, ಹಾಗಾಗಿ ಕಾಫಿ, ಟೀ ಕೂಡ ಬೇಡ. ಮದ್ಯ ಹೇಳಬೇಕಾಗಿಯೇ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಉಪ್ಪು ಹಾಕಿದ ಚಿಪ್ಸ್, ಕರಿದದ್ದು ಬೇಡ.

ಸೇಬು ಕೊಡಬಹುದು, ಬೀಜ ತೆಗೆದು ಕೊಡಿ. ಸೇಬಿನ ಬೀಜ, ಚೆರ್ರಿ, ಪೀಚ್, ಏಪ್ರಿಕಾಟ್‌ಗಳ ಓಟೆಯಲ್ಲಿರುವ ಅಮಿಗ್ಡಲಿನ್ ಜಜ್ಜಿದಾಗ ಸಯನೈಡ್ ಆಗುತ್ತದೆ. ಗಿಳಿಯ ಕೊಕ್ಕು ಇರುವುದೇ ಜಜ್ಜುವುದಕ್ಕೆ. ಹಸಿ ರಾಜ್ಮಾದಂಥ ಕಾಳು ಬೇಡ, ಚೆನ್ನಾಗಿ ಬೇಯಿಸಿದರೆ ಪರವಾಗಿಲ್ಲ.

ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ. ಕಡಲೆಕಾಯಿ ವಿಷಯದಲ್ಲಿ ಭಯ ಇರುವುದು ಶಿಲೀಂಧ್ರದ ಬಗ್ಗೆ. ಸರಿಯಾಗಿ ಒಣಗದ ಕಡಲೆಕಾಯಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಅಫ್ಲಟಾಕ್ಸಿನ್ ಮಾಡುತ್ತದೆ, ಅದು ಯಕೃತ್ತಿಗೆ ವಿಷ. ಮನುಷ್ಯರು ತಿನ್ನುವ ಗುಣಮಟ್ಟದ್ದು, ಉಪ್ಪಿಲ್ಲದ್ದು, ಅಪರೂಪಕ್ಕೆ ಒಂದು.

ಇನ್ನೊಂದು. ತುಟಿಯ ಮಧ್ಯೆ ಬೀಜ ಹಿಡಿದು ಕೊಡುವ ವಿಡಿಯೊಗಳನ್ನು ನೋಡಿ ಮಕ್ಕಳು ಹಾಗೇ ಮಾಡುತ್ತಾರೆ. ನಮ್ಮ ಬಾಯಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಗೆ ಕಾಯಿಲೆ ತರಬಹುದು. ಕೈಯಿಂದ ಕೊಟ್ಟರೆ ಸಾಕು.

ಕಾಳುಬುಟ್ಟಿ:
ಅವಕಾಡೊ, ಚಾಕೊಲೇಟ್ ವಿಷಯ ಒಪ್ಪಿದೆ. ಆದರೆ ನೀವೆಲ್ಲ ಹಕ್ಕಿ ಸಾಕುವುದನ್ನು ಪರೀಕ್ಷೆ ಬರೆದ ಹಾಗೆ ಮಾಡುತ್ತಿದ್ದೀರಿ. ಪ್ರೀತಿಯಿಂದ ಕೊಟ್ಟ ಒಂದು ನವಣೆ ತೆನೆಗೂ ಕಾರಣ ಬೇಕಾ? ಪಂಜರದಲ್ಲಿರುವ ಜೀವಕ್ಕೆ ಇರುವ ಖುಷಿಯೇ ಅಷ್ಟು.

ಬೂದುಗರಿ:
ಖುಷಿ ಬೇಡ ಅಂತ ಯಾರೂ ಹೇಳಿಲ್ಲ ಸರ್. ಖುಷಿ ಎಲ್ಲಿದೆ ಅನ್ನುವುದೇ ಪ್ರಶ್ನೆ. 1963ರಲ್ಲಿ ಗ್ಲೆನ್ ಜೆನ್ಸನ್ ಅನ್ನುವ ಸಂಶೋಧಕರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಪಕ್ಕದಲ್ಲೇ ಬಟ್ಟಲು ತುಂಬಾ ತಿಂಡಿ ಇದ್ದರೂ ಇಲಿಗಳು ಸನ್ನೆಕೋಲು ಒತ್ತಿ, ಕಷ್ಟಪಟ್ಟು ತಿಂಡಿ ಪಡೆಯುತ್ತಿದ್ದವು. ಆಮೇಲೆ ಇದನ್ನು ಬೇರೆ ಬೇರೆ ಪ್ರಾಣಿಗಳಲ್ಲಿ ನೋಡಿದರು. ಗ್ರೇ ಗಿಳಿಗಳಲ್ಲೂ ನೋಡಿದ್ದಾರೆ. ಕಾಡಿನ ಗಿಳಿಗೆ ದಿನದ ಹಲವು ಗಂಟೆ ಮೇವು ಹುಡುಕುವುದೇ ಕೆಲಸ. ಮನೆಯಲ್ಲಿ ಊಟ ಬೇಗ ಮುಗಿದುಹೋಗುತ್ತದೆ. ಉಳಿದ ಹೊತ್ತು ಏನು ಮಾಡಬೇಕು? ಕಿರುಚಬೇಕು, ಇಲ್ಲವೇ ತನ್ನ ಗರಿ ತಾನೇ ಕಿತ್ತುಕೊಳ್ಳಬೇಕು.

ಅದಕ್ಕೇ ನಾನು ಬೀಜವನ್ನು ಕಾಗದದಲ್ಲಿ ಸುತ್ತಿ ಗಂಟು ಹಾಕಿ ಕೊಡುತ್ತೇನೆ. ಬಣ್ಣ, ಮಸಿ ಇಲ್ಲದ ಕಾಗದ. ರಟ್ಟಿನ ಚಿಕ್ಕ ಡಬ್ಬಿಯೊಳಗೆ ಹಾಕಿ ಮುಚ್ಚುತ್ತೇನೆ. ಮೊದಲು ಬಾಯಿ ತೆರೆದೇ ಇಡಬೇಕು, ಬೀಜ ಕಾಣಬೇಕು. ಒಮ್ಮೆ ಗೊತ್ತಾದ ಮೇಲೆ ಕಷ್ಟ ಹೆಚ್ಚಿಸುತ್ತಾ ಹೋಗಿ. ಎರಡು ಬೀಜಕ್ಕೆ ಅರ್ಧ ಗಂಟೆ ಸಂಭ್ರಮ. ಅದೇ ನವಣೆ ತೆನೆಯನ್ನೂ ಪೂರ್ತಿ ತೂಗುಹಾಕುವ ಬದಲು ಚೂರು ಚೂರು ಮಾಡಿ ಪಂಜರದ ನಾಲ್ಕು ಮೂಲೆಯಲ್ಲಿ ಸಿಕ್ಕಿಸಿ. ಪ್ರೀತಿಯೂ ಅಷ್ಟೇ, ತೆನೆಯೂ ಅಷ್ಟೇ.

ಕಾಳುಬುಟ್ಟಿ:
ಕಾಗದದ ಉಪಾಯ ಚೆನ್ನಾಗಿದೆ, ಮಾಡಿ ನೋಡುತ್ತೇನೆ. ಪೆಲೆಟ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಾರುಬಣ್ಣ:
ಇಲ್ಲಿ ಎಲ್ಲರೂ ಬಡ್ಜಿ, ಕಾಕಟೀಲ್, ಗ್ರೇ ಬಗ್ಗೆ ಮಾತಾಡುತ್ತಿದ್ದೀರಿ. ಎಲ್ಲ ಹಕ್ಕಿಗೂ ಇದೇ ನಿಯಮ ಅಂತ ಓದುವವರು ಅಂದುಕೊಳ್ಳಬಾರದು. ನನ್ನ ಹತ್ತಿರ ಇರುವುದು ಲೋರಿ ಅನ್ನುವ ಗಿಳಿ. ಅದರ ನಾಲಿಗೆಯ ತುದಿ ಬ್ರಷ್ ಹಾಗೆ, ಮಕರಂದ ನೆಕ್ಕುವುದಕ್ಕೆ ಇರುವುದು. ಕಾಳು ಅದರ ಊಟವೇ ಅಲ್ಲ, ಮಕರಂದ, ಪರಾಗ, ಹಣ್ಣು ಅದರ ಊಟ. ನಮ್ಮ ಮನೆಯಲ್ಲಿ ಹಣ್ಣು ಟ್ರೀಟ್ ಅಲ್ಲ, ದಿನದ ಪಾಲು. ಮೈನಾ, ಟೂಕನ್‌ಗಳ ಕಥೆ ಇನ್ನೂ ಬೇರೆ. ಅವುಗಳ ಯಕೃತ್ತಿನಲ್ಲಿ ಕಬ್ಬಿಣ ಸೇರಿಕೊಳ್ಳುವ ಕಾಯಿಲೆ ಬರುತ್ತದೆ. ವಿಟಮಿನ್ ಸಿ ಕಬ್ಬಿಣ ಹೀರುವುದನ್ನು ಹೆಚ್ಚಿಸುವುದರಿಂದ ಕಿತ್ತಳೆ, ನಿಂಬೆ ಜಾತಿಯ ಹಣ್ಣು ಅವಕ್ಕೆ ಒಳ್ಳೆಯದಲ್ಲ. ಫಿಂಚ್, ಕೆನರಿಗೆ ಮರಿ ಮಾಡುವ ಕಾಲದಲ್ಲಿ ಬೇಯಿಸಿದ ಮೊಟ್ಟೆ ಕೊಡುತ್ತಾರೆ, ಅದೂ ಟ್ರೀಟ್ ಅಲ್ಲ, ಪ್ರೋಟೀನಿಗಾಗಿ.

ಪುಟ್ಟಕೊಕ್ಕು:
ಎಲ್ಲರಿಗೂ ಧನ್ಯವಾದ. ಸೂರ್ಯಕಾಂತಿ ಬೀಜ ಬಟ್ಟಲಿನಿಂದ ತೆಗೆದಿದ್ದೇನೆ. ಈಗ ಇನ್ನೊಂದು ಸಮಸ್ಯೆ. ಅದು ಜೋರಾಗಿ ಕಿರುಚುತ್ತದೆ. ಕಿರುಚಿದ ತಕ್ಷಣ ಯಾರಾದರೊಬ್ಬರು ಹೋಗಿ ಬೀಜ ಕೊಟ್ಟು ಸುಮ್ಮನಾಗಿಸುತ್ತಾರೆ. ಮತ್ತೆ ನಿನ್ನೆ ಸೌತೆಕಾಯಿ ಕೊಟ್ಟ ಮೇಲೆ ಹಿಕ್ಕೆ ನೀರು ನೀರಾಗಿದೆ. ಭೇದಿನಾ?

ತಕ್ಕಡಿ:
ಹಿಕ್ಕೆಗೆ ಹೆದರಬೇಡಿ. ಅದರಲ್ಲಿ ಮೂರು ಭಾಗ ಇರುತ್ತದೆ. ಗಟ್ಟಿ ಮಲ, ಬಿಳಿ ಯೂರೇಟ್ (ಮೂತ್ರದ ಗಟ್ಟಿ ಅಂಶ), ನೀರಿನಂಥ ಮೂತ್ರ. ನೀರಿರುವ ತರಕಾರಿ, ಹಣ್ಣು ತಿಂದಾಗ ಮೂತ್ರ ಜಾಸ್ತಿ ಬರುತ್ತದೆ. ನಡುವೆ ಗಟ್ಟಿ ಭಾಗ ಆಕಾರ ಬಿಡದೆ ಇದ್ದರೆ ಭೇದಿ ಅಲ್ಲ. ಬೀಟ್‌ರೂಟ್ ಕೊಟ್ಟ ದಿನ ಕೆಂಪು ಬಣ್ಣ ನೋಡಿ ರಕ್ತ ಅಂದುಕೊಂಡು ಗಾಬರಿಯಾಗುವವರು ಬಹಳ. ಗಟ್ಟಿ ಭಾಗವೇ ಕಲಸಿಹೋಗಿದ್ದರೆ, ಅಥವಾ ತರಕಾರಿ ನಿಲ್ಲಿಸಿದ ಮೇಲೂ ಹಾಗೇ ಇದ್ದರೆ, ಪುಕ್ಕ ಕೆದರಿಕೊಂಡು ಮಂಕಾಗಿ ಕೂತರೆ ವೈದ್ಯರಿಗೆ ತೋರಿಸಿ.

ಬೂದುಗರಿ:
ಕಿರುಚಿದಾಗ ಬೀಜ ಕೊಟ್ಟರೆ ಏನು ಕಲಿಸಿದ ಹಾಗಾಯಿತು? ಕಿರುಚಿದರೆ ಬೀಜ ಬರುತ್ತದೆ ಅಂತ. ಇದರಲ್ಲಿ ಹಕ್ಕಿಯ ತಪ್ಪೇನೂ ಇಲ್ಲ. ಒಂದು ಸಲ ಕೊಟ್ಟು ಒಂದು ಸಲ ಬಿಟ್ಟರೆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ. ಕಿರುಚುವಾಗ ಯಾರೂ ಹೋಗಬಾರದು, ಬೈಯುವುದಕ್ಕೂ ಹೋಗಬಾರದು. ಅದು ಸಿಳ್ಳೆ ಹಾಕಿದಾಗ, ಮೆಲ್ಲಗೆ ಸದ್ದು ಮಾಡಿದಾಗ ತಕ್ಷಣ ಹೋಗಿ ಕೊಡಿ. ತಕ್ಷಣ ಅನ್ನುವುದು ಮುಖ್ಯ. ತಡವಾದರೆ ಯಾವುದಕ್ಕೆ ಸಿಕ್ಕಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಶುರುವಿನಲ್ಲಿ ಕಿರುಚಾಟ ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ. ಮನೆಯಲ್ಲಿ ಒಬ್ಬರು ಸೋತರೂ ಮೊದಲಿಂದ ಶುರು.

ತಿಂಡಿಯೊಂದೇ ಬಹುಮಾನ ಅಲ್ಲ. ಐರಿನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಅಲೆಕ್ಸ್ ಅನ್ನುವ ಗ್ರೇ ಗಿಳಿಗೆ ಪದಗಳನ್ನು ಕಲಿಸಿದರು. ಅಲ್ಲಿ ಸರಿಯಾಗಿ ಹೆಸರು ಹೇಳಿದರೆ ಆ ವಸ್ತುವೇ ಬಹುಮಾನ. ಕಾಗದ ಅಂದರೆ ಕಾಗದ, ಕೀಲಿ ಅಂದರೆ ಕೀಲಿ. ತಲೆ ಕೆರೆಯುವುದು, ಸಿಳ್ಳೆಗೆ ಸಿಳ್ಳೆ, ಕಿತ್ತುಹಾಕುವುದಕ್ಕೆ ಒಂದು ರಟ್ಟಿನ ತುಂಡು, ಇವಕ್ಕೆ ಕೊಬ್ಬು ಬರುವುದಿಲ್ಲ. ಬೆನ್ನು ಸವರಬೇಡಿ, ಅದನ್ನು ಗಿಳಿ ಜಾತಿಯ ಹಕ್ಕಿ ಜೋಡಿಯ ಸಲಿಗೆ ಅಂತ ತಿಳಿಯುತ್ತದೆ.

ಮರಿಗುಬ್ಬಿ:
ಮನೆಯವರನ್ನು ನಿಲ್ಲಿಸುವುದು ಹಕ್ಕಿಗೆ ಕಲಿಸುವುದಕ್ಕಿಂತ ಕಷ್ಟ. ನಮ್ಮ ಅತ್ತೆಗೆ ಬೇಡ ಅಂತ ಹೇಳುವುದಕ್ಕೆ ಆಗುವುದಿಲ್ಲ. ಏನು ಮಾಡುವುದು?

ಹಾರುಬಣ್ಣ:
ಬೇಡ ಅನ್ನಬೇಡಿ. ಬೆಳಿಗ್ಗೆ ಒಂದು ಪುಟ್ಟ ಡಬ್ಬಿಯಲ್ಲಿ ಆ ದಿನದ ಟ್ರೀಟ್ ಹಾಕಿ ಪಂಜರದ ಪಕ್ಕ ಇಡಿ. "ಅತ್ತೆ, ಇವತ್ತಿನದು ಇದರಲ್ಲಿದೆ, ನೀವೇ ಕೊಡಿ" ಅನ್ನಿ. ಡಬ್ಬಿ ಖಾಲಿಯಾದರೆ ಮುಗಿಯಿತು. ಯಾರು ಎಷ್ಟು ಕೊಟ್ಟರೂ ಒಟ್ಟು ಅಷ್ಟೇ. ಬೀಜವನ್ನು ಚೂರು ಮಾಡಿ ಹಾಕಿದರೆ ಕೊಡುವವರಿಗೂ ಜಾಸ್ತಿ ಸಲ ಕೊಟ್ಟ ಸಮಾಧಾನ. ಹಕ್ಕಿ ಚೂರಿನ ಗಾತ್ರ ಲೆಕ್ಕ ಹಾಕುವುದಿಲ್ಲ, ಸಿಕ್ಕಿತಾ ಇಲ್ಲವಾ ಅಷ್ಟೇ ನೋಡುತ್ತದೆ.

ಪುಟ್ಟಕೊಕ್ಕು:
ಡಬ್ಬಿ ಉಪಾಯ ನಮ್ಮ ಮನೆಗೂ ಆಗುತ್ತದೆ. ಕೊನೆಯದಾಗಿ ಎರಡು ಪ್ರಶ್ನೆ. ಜೇನು ಹಾಕಿ ಅಂಟಿಸಿದ ಕಾಳಿನ ಕಡ್ಡಿಗಳು ಬರುತ್ತವಲ್ಲ, ಅವು ಸರಿಯಾ? ಮತ್ತೆ ನಮ್ಮ ಕಾಕಟೀಲ್ ಹೆಣ್ಣು, ಜೋಡಿ ಇಲ್ಲ, ಆದರೂ ಮೊಟ್ಟೆ ಇಡುತ್ತದೆ. ಅದಕ್ಕೆ ಶಕ್ತಿ ಬರಲಿ ಅಂತ ಟ್ರೀಟ್ ಜಾಸ್ತಿ ಮಾಡಬೇಕಾ?

ತಕ್ಕಡಿ:
ಎರಡನೆಯದು ಮೊದಲು. ಜಾಸ್ತಿ ಮಾಡಬೇಡಿ, ಕಡಿಮೆ ಮಾಡಿ. ಕೊಬ್ಬಿನ ತಿಂಡಿ, ಬೆಚ್ಚಗಿನ ಮೆತ್ತನೆ ತಿಂಡಿ ಧಾರಾಳವಾಗಿ ಸಿಕ್ಕಿದರೆ ಮರಿ ಮಾಡುವುದಕ್ಕೆ ಒಳ್ಳೆಯ ಕಾಲ ಬಂದಿದೆ ಅಂತ ಅದರ ದೇಹ ತಿಳಿಯುತ್ತದೆ. ಜೋಡಿ ಇಲ್ಲದಿದ್ದರೂ ಮೊಟ್ಟೆ ಇಡುತ್ತಲೇ ಹೋಗುತ್ತದೆ. ಪ್ರತಿ ಮೊಟ್ಟೆಯ ಚಿಪ್ಪಿಗೂ ದೇಹದ ಕ್ಯಾಲ್ಸಿಯಂ ಹೋಗುತ್ತದೆ. ಅದು ಮುಗಿದರೆ ಮೂಳೆ ಸವೆಯುತ್ತದೆ, ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಳ್ಳುವುದೂ ಉಂಟು, ಅದು ತುರ್ತು. ಕಟಲ್‌ಬೋನ್ (ಕಟಲ್‌ಫಿಶ್ ಅನ್ನುವ ಕಡಲಜೀವಿಯ ಕ್ಯಾಲ್ಸಿಯಂ ತುಂಬಿದ ಒಳಚಿಪ್ಪು) ಇಡಿ. ಕತ್ತಲ ಮೂಲೆ, ಗೂಡಿನಂಥ ಡಬ್ಬಿ ತೆಗೆಯಿರಿ. ರಾತ್ರಿ ನಿದ್ದೆಗೆ 10ರಿಂದ 12 ಗಂಟೆ ಕತ್ತಲೆ ಇರಲಿ. ಪದೇ ಪದೇ ಇಡುತ್ತಿದ್ದರೆ ವೈದ್ಯರನ್ನು ಕೇಳಲೇಬೇಕು.

ಜೇನಿನ ಕಡ್ಡಿ ಅಂದರೆ ಸೂರ್ಯಕಾಂತಿ ಬೀಜಕ್ಕೆ ಸಕ್ಕರೆ ಸೇರಿಸಿದ ಹಾಗೆ. ಪಂಜರದಲ್ಲಿ ತೂಗುಹಾಕಿದರೆ ಮುಗಿಯುವ ತನಕ ಬೇರೆ ಏನನ್ನೂ ಮುಟ್ಟುವುದಿಲ್ಲ. ಮನೆಯಲ್ಲಿ ಆಗಲೇ ಇದ್ದರೆ ಮುರಿದು ಚೂರು ಮಾಡಿ ಡಬ್ಬಿಗೆ ಹಾಕಿ, ಹೊಸದು ತರಬೇಡಿ.